ಬಿಳಿ ನಿಲುವಂಗಿಯ ಇನ್ನೊಬ್ಬರು: ಪೀಠ ಬಿಟ್ಟ ಪೋಪ್ ಬಾಯಿ ತೆರೆದಾಗ

2013ರ ಫೆಬ್ರವರಿ 11, ಸೋಮವಾರ ಬೆಳಿಗ್ಗೆ. ವ್ಯಾಟಿಕನ್‌ನಲ್ಲಿ ಕಾರ್ಡಿನಲ್‌ಗಳು ಸೇರಿದ್ದರು. ದಕ್ಷಿಣ ಇಟಲಿಯ ಒಟ್ರಾಂಟೊ ಪಟ್ಟಣದಲ್ಲಿ 1480ರಲ್ಲಿ ಕೊಲೆಯಾದ ಸುಮಾರು 800 ಮಂದಿಗೆ ಸಂತ ಪದವಿ ಕೊಡುವ ವಿಚಾರಕ್ಕೆ ಕರೆದ ಸಭೆ ಅದು. ಕೆಲಸ ಮುಗಿದು ಇನ್ನೇನು ಎಲ್ಲರೂ ಏಳಬೇಕು ಎನ್ನುವಾಗ, 85 ವರ್ಷದ ಪೋಪ್ ಹದಿನಾರನೇ ಬೆನೆಡಿಕ್ಟ್ ಕೂತಲ್ಲಿಂದಲೇ ಒಂದು ಕಾಗದ ಹಿಡಿದು, ಸಣ್ಣ ದನಿಯಲ್ಲಿ, ಲ್ಯಾಟಿನ್‌ನಲ್ಲಿ ಓದತೊಡಗಿದರು. ಅಲ್ಲಿದ್ದ ಹಲವರಿಗೆ ತಕ್ಷಣ ಏನೂ ಹೊಳೆಯಲಿಲ್ಲ. ಪತ್ರಕರ್ತರ ಕೊಠಡಿಯ ಟೀವಿಯಲ್ಲಿ ಇದನ್ನು ನೋಡುತ್ತಿದ್ದ ಇಟಲಿಯ ಆನ್ಸಾ ಸುದ್ದಿಸಂಸ್ಥೆಯ ಜೊವಾನ್ನಾ ಕಿರ್ರಿ ಅವರಿಗೆ ಲ್ಯಾಟಿನ್ ಬರುತ್ತಿತ್ತು. ‘ಭಾರವಾಗುತ್ತಿರುವ ವಯಸ್ಸು’ ಎಂಬ ಅರ್ಥದ ಎರಡು ಪದ ಕಿವಿಗೆ ಬಿದ್ದದ್ದೇ ತಡ, ಅವರಿಗೆ ವಿಷಯ ಗೊತ್ತಾಗಿಹೋಯಿತು. ಪೋಪ್ ಪೀಠ ಬಿಡುತ್ತಿದ್ದಾರೆ ಎಂಬ ಸುದ್ದಿ ಜಗತ್ತಿಗೆ ಸಿಕ್ಕಿದ್ದು ಹೀಗೆ, ಒಬ್ಬ ವರದಿಗಾರ್ತಿಯ ಲ್ಯಾಟಿನ್ ಜ್ಞಾನದಿಂದ.

ಆ ದಿನ ಎಲ್ಲರೂ ಕೇಳಿದ ಪ್ರಶ್ನೆ ‘ಯಾಕೆ ಬಿಟ್ಟರು’ ಎಂಬುದು. ಮುಂದಿನ ಹತ್ತು ವರ್ಷ ಕಥೋಲಿಕ ಧರ್ಮಸಭೆಯನ್ನು ಕಾಡಿದ್ದು ಬೇರೊಂದು ಪ್ರಶ್ನೆ. ಬಿಟ್ಟ ಮೇಲೆ ಅವರು ಯಾರು? ಅವರು ಬರೆದರೆ, ಮಾತಾಡಿದರೆ, ಆ ಮಾತಿಗೆ ಎಷ್ಟು ತೂಕ? ಬೆನೆಡಿಕ್ಟ್ ಮಾತಾಡಿದ್ದು ತಪ್ಪೋ ಸರಿಯೋ ಎಂದು ಎರಡು ಬಣಗಳು ಇವತ್ತಿಗೂ ಜಗಳವಾಡುತ್ತವೆ. ನನಗೆ ಕಾಣುವ ತೊಡಕು ಅದಕ್ಕಿಂತ ಹಿಂದಿನದು. ಯಾವ ನಿಯಮವೂ ಇಲ್ಲದ ಒಂದು ಹೊಸ ಸ್ಥಾನವನ್ನು ಕೆಲವೇ ದಿನಗಳಲ್ಲಿ ಕಟ್ಟಿ, ಅದಕ್ಕೆ ಹಳೆಯ ಪದವಿಯ ಬಟ್ಟೆ ತೊಡಿಸಿಬಿಟ್ಟರು. ಮುಂದೆ ಅವರು ಆಡಿದ ಪ್ರತಿ ಮಾತೂ ಆ ಬಟ್ಟೆಯ ಬಣ್ಣದಲ್ಲೇ ಕೇಳಿಸಿತು.

ಮೊದಲು ಕಾನೂನು ನೋಡೋಣ. ಧರ್ಮಸಭೆಯ ಕಾನೂನು ಸಂಹಿತೆಯ 332ನೇ ವಿಧಿಯಲ್ಲಿ ಪೋಪರ ರಾಜೀನಾಮೆಗೆ ಇರುವುದು ಒಂದೇ ವಾಕ್ಯ. ಅದು ಸ್ವಂತ ಇಚ್ಛೆಯಿಂದ ಕೊಟ್ಟದ್ದಾಗಿರಬೇಕು, ಸರಿಯಾಗಿ ಪ್ರಕಟಿಸಿರಬೇಕು, ಯಾರೂ ಅದನ್ನು ಅಂಗೀಕರಿಸಬೇಕಾಗಿಲ್ಲ. ಅಂಗೀಕರಿಸಲು ಅವರ ಮೇಲೆ ಯಾರಿದ್ದಾರೆ? ಅಲ್ಲಿಗೆ ವಿಧಿ ಮುಗಿಯಿತು. ಬಿಟ್ಟವರು ಎಲ್ಲಿರಬೇಕು, ಏನು ತೊಡಬೇಕು, ಅವರನ್ನು ಏನೆಂದು ಕರೆಯಬೇಕು, ಪುಸ್ತಕ ಬರೆಯಬಹುದೇ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಬಿಷಪರ ವಿಷಯದಲ್ಲಿ ಹಾಗಲ್ಲ. 75 ತುಂಬಿದ ಕೂಡಲೇ ಅವರು ರಾಜೀನಾಮೆ ಪತ್ರ ಕಳಿಸಬೇಕು. 2018ರಲ್ಲಿ ಬೆಂಗಳೂರಿನಲ್ಲಿ ಬರ್ನಾರ್ಡ್ ಮೊರಾಸ್ ನಿವೃತ್ತರಾಗಿ ಪೀಟರ್ ಮಚಾದೊ ಬಂದದ್ದು, ಅದೇ ವರ್ಷ ಮಂಗಳೂರಿನಲ್ಲೂ ಧರ್ಮಾಧ್ಯಕ್ಷರು ಬದಲಾದದ್ದು ಇಂಥ ಕ್ರಮದಲ್ಲೇ. ಹಳಬರು ವಿಶ್ರಾಂತ ಬಿಷಪ್ ಆದರು, ಹೊಸಬರು ಆಡಳಿತ ಹಿಡಿದರು, ಯಾರಿಗೂ ಗೊಂದಲವಾಗಲಿಲ್ಲ. ವಿಶ್ರಾಂತ ಕುಲಪತಿ ಎಂದರೆ ವಿಶ್ವವಿದ್ಯಾಲಯ ನಡೆಸುವವರು ಬೇರೆ ಎಂದು ನಮಗೆ ಗೊತ್ತಾಗುವ ಹಾಗೆ.

ಪೋಪರ ವಿಷಯಕ್ಕೆ ಇಂಥ ಅಭ್ಯಾಸವೇ ಇರಲಿಲ್ಲ. ಬೆನೆಡಿಕ್ಟ್‌ಗಿಂತ ಹಿಂದೆ ಕೊನೆಯದಾಗಿ ಪೀಠ ಬಿಟ್ಟವರು ಹನ್ನೆರಡನೇ ಗ್ರೆಗರಿ, 1415ರಲ್ಲಿ. ಆಗ ಪೋಪ್ ಎಂದು ಹೇಳಿಕೊಳ್ಳುವವರು ಒಟ್ಟಿಗೆ ಮೂವರಿದ್ದರು. ಆ ಒಡಕನ್ನು ಮುಗಿಸಲು ಅವರು ಇಳಿದರು. ಯಾರ ಒತ್ತಡವೂ ಇಲ್ಲದೆ ಬಿಟ್ಟವರನ್ನು ಹುಡುಕಬೇಕಾದರೆ 1294ಕ್ಕೆ ಹೋಗಬೇಕು. ಬೆಟ್ಟದ ಗುಹೆಯಲ್ಲಿ ತಪಸ್ಸಿಗೆ ಕೂತಿದ್ದ ಮುದುಕ ಸನ್ಯಾಸಿಯನ್ನು ಎಬ್ಬಿಸಿ ತಂದು ಐದನೇ ಸೆಲೆಸ್ಟೈನ್ ಎಂದು ಪೀಠದಲ್ಲಿ ಕೂರಿಸಿದ್ದರು. ಐದು ತಿಂಗಳಲ್ಲಿ ಅವರು ಸಾಕೆಂದರು. ಮುಂದೇನಾಯಿತು ಎಂಬುದನ್ನು ಮರೆಯಬಾರದು. ಅವರ ನಂತರ ಬಂದ ಎಂಟನೇ ಬೋನಿಫೇಸ್, ಜನ ಎಲ್ಲಿ ಹಳೆಯ ಪೋಪರ ಹಿಂದೆ ಗುಂಪುಕಟ್ಟುತ್ತಾರೋ ಎಂದು ಹೆದರಿ, ಆ ಮುದುಕರನ್ನು ಫುಮೋನೆ ಕೋಟೆಯಲ್ಲಿ ಕಾವಲಿನಲ್ಲಿಟ್ಟರು. 1296ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಎಂಬ ಭಯ ಏಳುನೂರು ವರ್ಷ ಹಳೆಯದು.

2009ರ ಏಪ್ರಿಲ್‌ನಲ್ಲಿ ಲಾಕ್ವಿಲಾ ನಗರ ಭೂಕಂಪಕ್ಕೆ ಕುಸಿದಾಗ ಬೆನೆಡಿಕ್ಟ್ ಅಲ್ಲಿಗೆ ಹೋಗಿದ್ದರು. ಬಿರುಕು ಬಿಟ್ಟ ಚರ್ಚಿನೊಳಗೆ ಸೆಲೆಸ್ಟೈನರ ಅವಶೇಷವಿಟ್ಟ ಗಾಜಿನ ಪೆಟ್ಟಿಗೆಯ ಮೇಲೆ, ತಾವು ಪೀಠವೇರಿದ ದಿನ ಹೆಗಲಿಗೆ ಬಂದಿದ್ದ ಉಣ್ಣೆಯ ಪಟ್ಟಿಯನ್ನು ಬಿಟ್ಟು ಬಂದರು. ಅಂದು ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ನಾಲ್ಕು ವರ್ಷದ ಮೇಲೆ ಎಲ್ಲರೂ ಆ ಫೋಟೋ ಹುಡುಕಿ ತೆಗೆದರು.

ಏನು ಮಾತು ಕೊಟ್ಟಿದ್ದರು?

‘ಮೌನವಾಗಿರುತ್ತೇನೆ ಎಂದು ಹೇಳಿ ಮಾತಾಡಿದರು’ ಎಂಬ ಆರೋಪ ಬೆನೆಡಿಕ್ಟ್ ಮೇಲೆ ಪದೇ ಪದೇ ಬಂತು. ಅವರು ಹೇಳಿದ್ದನ್ನು ನೋಡಿದರೆ ಅದು ಅಷ್ಟು ಸರಳವಲ್ಲ. ರೋಮಿನ ಯಾಜಕರೊಂದಿಗೆ ಮಾತಾಡುತ್ತಾ, ಇನ್ನು ಲೋಕದ ಕಣ್ಣಿಗೆ ಮರೆಯಾಗಿರುತ್ತೇನೆ ಎಂದಿದ್ದರು. ಫೆಬ್ರವರಿ 28ರಂದು ಕಾರ್ಡಿನಲ್‌ಗಳಿಗೆ ವಿದಾಯ ಹೇಳುವಾಗ, ಮುಂದಿನ ಪೋಪ್ ನಿಮ್ಮ ನಡುವೆಯೇ ಇದ್ದಾರೆ, ಅವರಿಗೆ ಯಾವ ಷರತ್ತೂ ಇಲ್ಲದ ಗೌರವ, ವಿಧೇಯತೆ ತೋರುತ್ತೇನೆ ಎಂದು ಮಾತು ಕೊಟ್ಟರು. ಮರೆಯಾಗಿರುವುದು, ವಿಧೇಯರಾಗಿರುವುದು ಎಂದರೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಎಂದೇ? ಅವರು ಹಾಗೆ ತಿಳಿದಂತೆ ಕಾಣುವುದಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲೇ ನಾಸ್ತಿಕ ಗಣಿತಜ್ಞ ಪಿಯೆರ್‌ಜೋರ್ಜೊ ಒಡಿಫ್ರೆಡ್ಡಿ ಅವರಿಗೆ ಬರೆದ ಉದ್ದದ ಪತ್ರ ಇಟಲಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಜೀವಮಾನವೆಲ್ಲ ಪ್ರಾಧ್ಯಾಪಕನಂತೆ ಯೋಚಿಸಿದ ಮನುಷ್ಯ ಪೆನ್ನು ಕೆಳಗಿಡುವುದು ಕಷ್ಟವೇ.

ವಿದಾಯ ಹೇಳಿದ ಆ ಫೆಬ್ರವರಿ 28ರ ರಾತ್ರಿ 8 ಗಂಟೆಗೆ, ರೋಮಿನ ಹೊರಗೆ ಪೋಪರ ಬೇಸಿಗೆ ಬಿಡಾರವಾಗಿದ್ದ ಕಾಸ್ಟೆಲ್ ಗಾಂಡೋಲ್ಫೊ ಅರಮನೆಯ ಬಾಗಿಲನ್ನು ಸ್ವಿಸ್ ಕಾವಲುಗಾರರು ಮುಚ್ಚಿದರು. ಪೋಪರ ಕಾವಲು ಅವರ ಕೆಲಸ. ಆ ಗಳಿಗೆಯಿಂದ ಒಳಗಿದ್ದವರು ಪೋಪ್ ಅಲ್ಲ. ಈ ಒಂದು ಸಂಗತಿಯಲ್ಲಿ ಇಡೀ ಸಿದ್ಧಾಂತವೇ ಇದೆ. ಯಾಜಕ ದೀಕ್ಷೆ ಪಡೆದವರು ಸಾಯುವವರೆಗೂ ಯಾಜಕರು, ಆ ಮುದ್ರೆ ಅಳಿಯದು. ಪೋಪ್ ಎಂಬುದು ದೀಕ್ಷೆಯಲ್ಲ, ಹುದ್ದೆ. ರೋಮಿನ ಬಿಷಪ್ ಎಂಬ ಹುದ್ದೆಗೆ ಅಂಟಿಕೊಂಡ ಅಧಿಕಾರ ಅದು, ಹುದ್ದೆ ಹೋದರೆ ಅಧಿಕಾರವೂ ಹೋಯಿತು. ಹಾಗಾಗಿ 8 ಗಂಟೆಯ ನಂತರ ಬೆನೆಡಿಕ್ಟ್ ಬರೆದ ಯಾವ ಲೇಖನಕ್ಕೂ ಒಬ್ಬ ದೊಡ್ಡ ದೇವಶಾಸ್ತ್ರಜ್ಞನ ಲೇಖನಕ್ಕಿಂತ ಹೆಚ್ಚಿನ ಅಧಿಕಾರ ಇರಲಿಲ್ಲ. ಪೋಪ್ ಹೇಳಿದ್ದೆಲ್ಲ ದೋಷಾತೀತ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಸಾಕಷ್ಟಿದೆ. ಪೀಠದಲ್ಲಿರುವ ಪೋಪ್ ಕೂಡ ವಿಶೇಷ ವಿಧದಲ್ಲಿ ಘೋಷಿಸಿದಾಗ ಮಾತ್ರ ಆ ಮಾತು ಬರುತ್ತದೆ. ಕೊನೆಯ ಬಾರಿ ಹಾಗೆ ಘೋಷಿಸಿದ್ದು 1950ರಲ್ಲಿ.

ಕಾಗದದ ಮೇಲೆ ಇಷ್ಟು ಸ್ಪಷ್ಟ. ಕಣ್ಣಿಗೆ ಕಂಡದ್ದು ಬೇರೆ. ‘ವಿಶ್ರಾಂತ ಪೋಪ್’ ಎಂಬ ಹೊಸ ಬಿರುದು ಬಂತು. ಬೆನೆಡಿಕ್ಟ್ ಎಂಬ ಹೆಸರು ಉಳಿಯಿತು, ‘ಪರಮಪೂಜ್ಯ’ ಎಂಬ ಸಂಬೋಧನೆ ಉಳಿಯಿತು, ಬಿಳಿ ನಿಲುವಂಗಿ ಉಳಿಯಿತು. ಕೆಂಪು ಪಾದರಕ್ಷೆ ಹೋಗಿ ಕಂದು ಬಣ್ಣದ್ದು ಬಂತು, ಅಷ್ಟೇ. 2013ರ ಮೇ ತಿಂಗಳಲ್ಲಿ ಅವರು ವ್ಯಾಟಿಕನ್ ಉದ್ಯಾನದೊಳಗಿನ ಮಾತೆರ್ ಎಕ್ಲೇಸಿಯೆ ಮಠಕ್ಕೆ ಬಂದು ನೆಲೆಸಿದರು. ಅವರ ನಂತರ ಆಯ್ಕೆಯಾದ ಪೋಪ್ ಫ್ರಾನ್ಸಿಸ್ ಇದ್ದದ್ದೂ ಅದೇ ಪುಟ್ಟ ರಾಜ್ಯದ ಗೋಡೆಯೊಳಗೆ. ಬಿಳಿ ಬಟ್ಟೆ ಯಾಕೆ ಇಟ್ಟುಕೊಂಡಿರಿ ಎಂದು ಇಟಲಿಯ ಪತ್ರಕರ್ತರೊಬ್ಬರು ಕೇಳಿದ್ದಕ್ಕೆ ಅವರು 2014ರಲ್ಲಿ ಬರೆದ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ: ಪೀಠ ಬಿಟ್ಟ ಹೊತ್ತಿಗೆ ಬೇರೆ ಬಟ್ಟೆ ಸಿಗಲಿಲ್ಲ. ಬರೀ ‘ಫಾದರ್ ಬೆನೆಡಿಕ್ಟ್’ ಎಂದು ಕರೆಸಿಕೊಳ್ಳಬೇಕೆಂದಿದ್ದೆ, ಅದಕ್ಕಾಗಿ ಪಟ್ಟುಹಿಡಿಯಲು ಆಗ ಶಕ್ತಿಯಿರಲಿಲ್ಲ ಎಂದೂ ಒಮ್ಮೆ ಹೇಳಿದ್ದರು. ಸಣ್ಣ ವಿಷಯಗಳೇ. ಆದರೆ ನೂರು ಕೋಟಿಗೂ ಹೆಚ್ಚು ಜನ ಬಣ್ಣ ನೋಡಿ ಗುರುತಿಸುವ ಪದವಿಯಲ್ಲಿ ಬಟ್ಟೆ ಸಣ್ಣ ವಿಷಯವಾಗಿ ಉಳಿಯುವುದಿಲ್ಲ.

ಮಸುಕಾದ ಎರಡು ಸಾಲು

2018ರ ಮಾರ್ಚ್. ಫ್ರಾನ್ಸಿಸ್ ಆಯ್ಕೆಯಾಗಿ ಐದು ವರ್ಷ. ಅವರ ದೇವಶಾಸ್ತ್ರದ ಮೇಲೆ ವ್ಯಾಟಿಕನ್ 11 ಕಿರುಪುಸ್ತಕಗಳನ್ನು ಹೊರತಂದಿತು. ಬಿಡುಗಡೆಯ ದಿನ ಸಂವಹನ ವಿಭಾಗದ ಮುಖ್ಯಸ್ಥ ದಾರಿಯೊ ವಿಗಾನೊ, ಬೆನೆಡಿಕ್ಟ್ ಕಳಿಸಿದ್ದ ಪತ್ರದ ಭಾಗ ಓದಿದರು. ಫ್ರಾನ್ಸಿಸ್‌ಗೆ ದೇವಶಾಸ್ತ್ರದ ತಳಹದಿಯಿಲ್ಲ ಎನ್ನುವುದು ಮೂರ್ಖ ಪೂರ್ವಗ್ರಹ, ಇಬ್ಬರ ನಡುವೆ ಒಳಗಿನ ಒಂದು ನಿರಂತರತೆ ಇದೆ ಎಂಬುದು ಅದರ ಸಾರ. ಹಳೆಯ ಪೋಪ್ ಹೊಸ ಪೋಪರ ಬೆನ್ನಿಗೆ ನಿಂತರು ಎಂದು ಸುದ್ದಿಯಾಯಿತು. ಪತ್ರಿಕೆಗಳಿಗೆ ಹಂಚಿದ ಫೋಟೋ ನೋಡಿದರೆ, ಮೇಜಿನ ಮೇಲೆ ಪತ್ರ, ಪಕ್ಕದಲ್ಲಿ ಪುಸ್ತಕಗಳ ರಾಶಿ. ಮೊದಲ ಪುಟದ ಕೊನೆಯ ಎರಡು ಸಾಲು ಮಸುಕು. ಎರಡನೇ ಪುಟ ಪುಸ್ತಕಗಳ ಅಡಿಯಲ್ಲಿ, ಸಹಿ ಮಾತ್ರ ಹೊರಗೆ.

ಮಸುಕು ಮಾಡಿದ ಸಾಲಿನಲ್ಲಿ ಇದ್ದದ್ದೇನು? ಈ ಪುಸ್ತಕಗಳನ್ನು ನಾನು ಓದಿಲ್ಲ, ಬೇರೆ ಕೆಲಸಗಳಿರುವುದರಿಂದ ಓದಿ ಬರೆಯಲಾರೆ ಎಂದು ಬೆನೆಡಿಕ್ಟ್ ವಿನಯದಿಂದ ಹೇಳಿದ್ದರು. ಮುಚ್ಚಿದ ಪುಟದಲ್ಲಿ, ತಮ್ಮನ್ನೂ ಎರಡನೇ ಜಾನ್ ಪೌಲರನ್ನೂ ಕಟುವಾಗಿ ವಿರೋಧಿಸಿದ ಜರ್ಮನ್ ದೇವಶಾಸ್ತ್ರಜ್ಞ ಪೀಟರ್ ಹ್ಯೂನರ್‌ಮನ್ ಅವರನ್ನು ಲೇಖಕರ ಸಾಲಿಗೆ ಸೇರಿಸಿದ್ದಕ್ಕೆ ಅಚ್ಚರಿ ತೋರಿದ್ದರು. ಇಷ್ಟು ಹೊರಬಿದ್ದ ಮೇಲೆ, ಅದೇ ಮಾರ್ಚ್ 21ರಂದು ವಿಗಾನೊ ಹುದ್ದೆ ಬಿಡಬೇಕಾಯಿತು.

ಇಲ್ಲಿ ಮಾತಾಡಲು ಹೊರಟವರು ಬೆನೆಡಿಕ್ಟ್ ಅಲ್ಲ. ಅವರ ಸಹಿ ಬೇಕಾಗಿದ್ದದ್ದು ಹೊಸ ಪೋಪರ ಕಡೆಯವರಿಗೆ. ಹಿಂದಿನ ವರ್ಷ ಇದು ತಿರುವುಮುರುವಾಗಿ ನಡೆದಿತ್ತು. ವಿಚ್ಛೇದನ ಪಡೆದು ಮರುಮದುವೆಯಾದವರಿಗೆ ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡುವ ವಿಚಾರದಲ್ಲಿ ಫ್ರಾನ್ಸಿಸ್‌ಗೆ ಬಹಿರಂಗ ಪ್ರಶ್ನೆ ಹಾಕಿದ ನಾಲ್ವರು ಕಾರ್ಡಿನಲ್‌ಗಳಲ್ಲಿ ಒಬ್ಬರಾದ ಯೋಆಖಿಮ್ ಮೈಸ್ನರ್ 2017ರ ಜುಲೈನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಬೆನೆಡಿಕ್ಟರ ಸಂದೇಶ ಓದಿದರು. ದೋಣಿಯೊಳಗೆ ನೀರು ತುಂಬಿ ಮಗುಚುವ ಹಂತಕ್ಕೆ ಬಂದರೂ ಪ್ರಭು ತನ್ನ ಧರ್ಮಸಭೆಯನ್ನು ಬಿಡುವುದಿಲ್ಲ ಎಂದು ಮೈಸ್ನರ್ ನಂಬಿದ್ದರು ಎಂಬ ಮಾತು ಅದರಲ್ಲಿತ್ತು. ಫ್ರಾನ್ಸಿಸ್ ವಿರೋಧಿಗಳು ಆ ದೋಣಿಯನ್ನಷ್ಟೇ ಎತ್ತಿಕೊಂಡರು. ಗೆಳೆಯನ ಸಾವಿಗೆ ಬರೆದ ಸಾಂತ್ವನದ ಪತ್ರವೂ ಬಣದ ಬಾವುಟವಾಯಿತು.

ಅತ್ಯಂತ ನೋವಿನ ವಿಷಯದಲ್ಲಿ

2019ರ ಏಪ್ರಿಲ್‌ನಲ್ಲಿ ಬಂದ ಲೇಖನದ ವಿಷಯದಲ್ಲಿ ಮಾತ್ರ ಸುತ್ತಲಿನವರನ್ನು ದೂರಿ ಪ್ರಯೋಜನವಿಲ್ಲ. ಅದು ಬೆನೆಡಿಕ್ಟರದೇ ಯೋಚನೆ, ಬವೇರಿಯಾದ ಯಾಜಕರ ಮಾಸಿಕ ‘ಕ್ಲೇರುಸ್‌ಬ್ಲಾಟ್’ಗೆಂದು ಬರೆದದ್ದು. ಅದೇ ಫೆಬ್ರವರಿಯಲ್ಲಿ ಫ್ರಾನ್ಸಿಸ್ ಜಗತ್ತಿನ ಬಿಷಪರ ಒಕ್ಕೂಟಗಳ ಅಧ್ಯಕ್ಷರನ್ನೆಲ್ಲ ರೋಮಿಗೆ ಕರೆಸಿ, ಯಾಜಕರಿಂದ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ನಾಲ್ಕು ದಿನ ಸಭೆ ನಡೆಸಿದ್ದರು. ಅದರ ಬೆನ್ನಿಗೇ ಈ ಲೇಖನ. ಫ್ರಾನ್ಸಿಸ್ ಅವರಿಗೂ ವ್ಯಾಟಿಕನ್‌ನ ರಾಜ್ಯ ಕಾರ್ಯದರ್ಶಿ ಪಿಯೆತ್ರೊ ಪರೊಲಿನ್ ಅವರಿಗೂ ತಿಳಿಸಿಯೇ ಪ್ರಕಟಿಸಿದ್ದು, ಹಾಗಾಗಿ ಬೆನ್ನಹಿಂದಿನ ಕೆಲಸ ಎನ್ನುವಂತಿಲ್ಲ.

ಬೆನೆಡಿಕ್ಟ್ ವಾದ ಹೀಗೆ: 1960ರ ದಶಕದ ಲೈಂಗಿಕ ಕ್ರಾಂತಿಯಲ್ಲಿ ಸಮಾಜದ ಕಟ್ಟುಪಾಡು ಕುಸಿಯಿತು. ಅದೇ ಹೊತ್ತಿಗೆ ಕಥೋಲಿಕ ನೀತಿಶಾಸ್ತ್ರವೂ ಕುಸಿದು, ಯಾವ ಸ್ಥಿತಿಯಲ್ಲೂ ಕೆಟ್ಟದ್ದೇ ಎನ್ನುವಂಥದ್ದು ಏನೂ ಇಲ್ಲ ಎಂಬ ಯೋಚನೆ ಬೆಳೆಯಿತು. ಯಾಜಕರ ತರಬೇತಿ ಕೇಂದ್ರಗಳು ಹಾಳಾದವು. ಇದೆಲ್ಲದರ ಬುಡದಲ್ಲಿರುವುದು ದೇವರಿಲ್ಲದ ಬದುಕು.

ಈ ಲೇಖನದಲ್ಲಿ ನಿಜಕ್ಕೂ ಉಪಯೋಗದ ಒಂದು ಭಾಗವಿದೆ, ಗದ್ದಲದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. 1980ರ ದಶಕದಲ್ಲಿ ಧರ್ಮಸಭೆಯ ನ್ಯಾಯವ್ಯವಸ್ಥೆ ಆರೋಪಿಯ ಹಕ್ಕುಗಳನ್ನು ಕಾಯುವುದರಲ್ಲೇ ಮುಳುಗಿತ್ತು, ಅಪರಾಧ ಸಾಬೀತು ಮಾಡುವುದು ಅಸಾಧ್ಯವೇ ಎನ್ನುವಷ್ಟರ ಮಟ್ಟಿಗೆ ಎಂದು ಅವರು ಬರೆಯುತ್ತಾರೆ. ಒಳಗಿದ್ದವರ ಮಾತು ಇದು. 1981ರಿಂದ 2005ರವರೆಗೆ ವಿಶ್ವಾಸ ಸಿದ್ಧಾಂತ ವಿಭಾಗದ ಮುಖ್ಯಸ್ಥರಾಗಿದ್ದವರು ಅವರು. 2001ರಲ್ಲಿ ಇಂಥ ಪ್ರಕರಣಗಳೆಲ್ಲ ತಮ್ಮ ವಿಭಾಗಕ್ಕೇ ಬರಬೇಕೆಂದು ಆದದ್ದರ ಹಿಂದೆ ಅವರಿದ್ದರು. ಪೋಪ್ ಆದ ಮೇಲೆ, ದೌರ್ಜನ್ಯದ ಆರೋಪ ಹೊತ್ತಿದ್ದರೂ ರೋಮಿನಲ್ಲಿ ಅಷ್ಟು ಪ್ರಭಾವಿಯಾಗಿದ್ದ, ಯಾಜಕರ ಸಂಘವೊಂದರ ಸ್ಥಾಪಕ ಮಾರ್ಸಿಯಲ್ ಮಾಸಿಯೆಲ್‌ರನ್ನು 2006ರಲ್ಲಿ ಸಾರ್ವಜನಿಕ ಸೇವೆಯಿಂದ ಹೊರಗಿಟ್ಟರು. 2011 ಮತ್ತು 2012, ಈ ಎರಡೇ ವರ್ಷದಲ್ಲಿ 400ರ ಹತ್ತಿರ ಯಾಜಕರ ಯಾಜಕತ್ವ ರದ್ದಾಯಿತು. ಇದನ್ನು ಮರೆತು ಅವರನ್ನು ತೂಗುವುದು ಅನ್ಯಾಯ.

ಆದರೂ ಆ ಲೇಖನ ತಪ್ಪು ದಾರಿ ಹಿಡಿಯಿತು ಎಂದೇ ನನ್ನ ನಂಬಿಕೆ. 1960ಕ್ಕೂ ಮೊದಲಿನ ದೌರ್ಜನ್ಯಗಳು ಹಲವು ದೇಶಗಳ ತನಿಖೆಯಲ್ಲಿ ದಾಖಲಾಗಿವೆ. ಐರ್ಲೆಂಡಿನ ಚರ್ಚ್ ನಡೆಸುತ್ತಿದ್ದ ಮಕ್ಕಳ ಶಾಲೆಗಳಲ್ಲಿ 1930, 40ರ ದಶಕಗಳಲ್ಲಿ ನಡೆದದ್ದಕ್ಕೆ 1968ರ ವಿದ್ಯಾರ್ಥಿ ದಂಗೆ ಹೇಗೆ ಕಾರಣವಾಗುತ್ತದೆ? ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ದೂರು ಬಂದಾಗ ಯಾಜಕರನ್ನು ಒಂದು ಊರಿಂದ ಇನ್ನೊಂದು ಊರಿಗೆ ವರ್ಗ ಮಾಡಿ, ಕಡತ ಮುಚ್ಚಿಟ್ಟ ಬಿಷಪರ ಬಗ್ಗೆ ಲೇಖನ ಹೆಚ್ಚೇನೂ ಹೇಳುವುದಿಲ್ಲ. ಬಲಿಪಶುಗಳನ್ನು ಹೆಚ್ಚು ಹಿಂಸಿಸಿದ್ದು ಎರಡನೆಯ ಸಲದ ಈ ಪೆಟ್ಟೇ. ಫ್ರಾನ್ಸಿಸ್ 2018ರಲ್ಲಿ ಬರೆದ ಪತ್ರದಲ್ಲಿ ಬೇರು ಇರುವುದು ಯಾಜಕಶಾಹಿಯಲ್ಲಿ, ಅಂದರೆ ಯಾಜಕರನ್ನು ಪ್ರಶ್ನೆಗೆ ಮೀರಿದವರನ್ನಾಗಿ ಮಾಡಿದ ಮನೋಭಾವದಲ್ಲಿ ಎಂದಿದ್ದರು. ಇಬ್ಬರ ರೋಗನಿದಾನ ಬೇರೆಬೇರೆ. ಇಬ್ಬರೂ ಬಿಳಿ ಬಟ್ಟೆಯಲ್ಲಿದ್ದರು. ಚಿಕ್ಕಂದಿನಲ್ಲಿ ಯಾಜಕನಿಂದ ಹಾಳಾದ ಒಬ್ಬ ಮನುಷ್ಯ, ಐವತ್ತು ದಾಟಿ ಕೊನೆಗೂ ದೂರು ಕೊಡಲು ಹೊರಟಾಗ, ‘ಅದು ಕಾಲದ ದೋಷ’ ಎಂದು ಹೇಳಲು ಸ್ಥಳೀಯ ಬಿಷಪರ ಕೈಗೆ ಒಂದು ದೊಡ್ಡ ಹೆಸರು ಸಿಕ್ಕಂತಾಯಿತು. ಪೀಠದಲ್ಲಿಲ್ಲದವರ ಮಾತಿಗೂ ಇಷ್ಟು ಪರಿಣಾಮ ಇರುತ್ತದೆ ಎಂಬುದನ್ನು ಅವರು ಯೋಚಿಸಬೇಕಿತ್ತು.

ಮುಖಪುಟದ ಮೇಲೆ ಎರಡು ಹೆಸರು

ಮುಂದಿನ ಜಗಳ ಬ್ರಹ್ಮಚರ್ಯದ್ದು. ಅಮೆಜಾನ್ ಕಾಡಿನ ಎಷ್ಟೋ ಊರುಗಳಿಗೆ ಯಾಜಕರು ತಲುಪುವುದು ವರ್ಷಕ್ಕೊಮ್ಮೆ, ಕೆಲವೆಡೆ ಅದೂ ಇಲ್ಲ. ಯಾಜಕರಿಲ್ಲದೆ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ಇಲ್ಲ. 2019ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಸೇರಿದ ಅಮೆಜಾನ್ ಸಿನೊಡ್ (ಬಿಷಪರ ಸಮಾಲೋಚನಾ ಸಭೆ), ದೂರದ ಪ್ರದೇಶಗಳಲ್ಲಿ ಒಳ್ಳೆಯ ಹೆಸರಿನ ವಿವಾಹಿತರಿಗೂ ಯಾಜಕ ದೀಕ್ಷೆ ಕೊಡಬಹುದೆಂಬ ಸಲಹೆಗೆ 128ಕ್ಕೆ 41 ಮತಗಳಿಂದ ಒಪ್ಪಿತು. ತೀರ್ಮಾನ ಫ್ರಾನ್ಸಿಸ್ ಕೈಯಲ್ಲಿತ್ತು.

ಅವರು ಬಾಯಿ ತೆರೆಯುವ ಮೊದಲೇ, 2020ರ ಜನವರಿ 12ರಂದು, ಫ್ರೆಂಚ್ ಪತ್ರಿಕೆಯೊಂದರಲ್ಲಿ ಒಂದು ಪುಸ್ತಕದ ಆಯ್ದ ಭಾಗ ಬಂತು. ಬ್ರಹ್ಮಚರ್ಯ ಬಿಡಲೇಬಾರದು ಎನ್ನುವ ಪುಸ್ತಕ. ಮುಖಪುಟದಲ್ಲಿ ಎರಡು ಹೆಸರು, ಎರಡು ಫೋಟೋ: ಬೆನೆಡಿಕ್ಟ್ ಮತ್ತು ಗಿನಿ ದೇಶದ ಕಾರ್ಡಿನಲ್ ರಾಬರ್ಟ್ ಸಾರಾ. ಎರಡೇ ದಿನದಲ್ಲಿ ಬೆನೆಡಿಕ್ಟರ ಕಾರ್ಯದರ್ಶಿ ಗೆಯಾರ್ಗ್ ಗೆನ್ಸ್‌ವೈನ್ ಹೇಳಿಕೆ ಕೊಟ್ಟರು: ಲೇಖನ ಬರೆದುಕೊಟ್ಟದ್ದು ನಿಜ, ಜಂಟಿ ಲೇಖಕರಾಗಲು ಒಪ್ಪಿರಲಿಲ್ಲ, ಹೆಸರು ತೆಗೆಯಿರಿ. ಅಷ್ಟರಲ್ಲಿ ಸಾರಾ, ಬೆನೆಡಿಕ್ಟ್ ತಮಗೆ ಬರೆದ ಪತ್ರಗಳನ್ನೇ ಟ್ವಿಟರ್‌ನಲ್ಲಿ ಹಾಕಿದ್ದರು. ಕೊನೆಗೆ ಮುಂದಿನ ಮುದ್ರಣಗಳಲ್ಲಿ ‘ಸಾರಾ, ಬೆನೆಡಿಕ್ಟರ ಲೇಖನದೊಂದಿಗೆ’ ಎಂದಾಗಲಿ ಎಂಬ ರಾಜಿ. 92 ವರ್ಷದ, ಧ್ವನಿ ಅಡಗಿದ, ನಡೆಯಲಾಗದ ಹಿರಿಯರ ಹೆಸರನ್ನು ಮುಖಪುಟಕ್ಕೆ ಏರಿಸಿ ಇಳಿಸಿದ್ದನ್ನು ನೋಡಿ ಮನಸ್ಸು ಮುದುಡಿತು.

ಬ್ರಹ್ಮಚರ್ಯ ಸಿದ್ಧಾಂತವಲ್ಲ, ಶಿಸ್ತು. ರೋಮನ್ ಧರ್ಮಸಭೆಯಲ್ಲಿ ಅದು 12ನೇ ಶತಮಾನದಲ್ಲಿ ಗಟ್ಟಿಯಾದ ನಿಯಮ. ಪೋಪರನ್ನೇ ಒಪ್ಪುವ ಪೂರ್ವದ ಹಲವು ಕಥೋಲಿಕ ಧರ್ಮಸಭೆಗಳಲ್ಲಿ ವಿವಾಹಿತ ಯಾಜಕರು ಮೊದಲಿನಿಂದಲೂ ಇದ್ದಾರೆ. ಆಂಗ್ಲಿಕನ್ ಪಂಥದಿಂದ ಬಂದ ವಿವಾಹಿತ ಯಾಜಕರಿಗೆ 2009ರಲ್ಲಿ ಬಾಗಿಲು ತೆರೆದವರು ಸ್ವತಃ ಬೆನೆಡಿಕ್ಟ್. ಈಗ ಅವರ ಲೇಖನ, ಯಾಜಕತ್ವವೂ ದಾಂಪತ್ಯವೂ ಇಡೀ ಮನುಷ್ಯನನ್ನು ಕೇಳುವುದರಿಂದ ಎರಡನ್ನೂ ಒಟ್ಟಿಗೆ ನಿಭಾಯಿಸಲಾಗದು ಎನ್ನುತ್ತಿತ್ತು. ಫೆಬ್ರವರಿ 12ರಂದು ಹೊರಬಂದ ಫ್ರಾನ್ಸಿಸ್ ಪ್ರಬೋಧನೆಯಲ್ಲಿ ವಿವಾಹಿತ ಯಾಜಕರ ಮಾತೇ ಇರಲಿಲ್ಲ. ಪುಸ್ತಕಕ್ಕೆ ಹೆದರಿ ಬಿಟ್ಟರೇ? ಹಾಗೆ ಹೇಳಲು ಆಧಾರವಿಲ್ಲ. ಆದರೆ ಜನ ಹಾಗೆ ಕೇಳುವಂತಾಯಿತಲ್ಲ, ಅದೇ ಹಾನಿ.

ಪೀಠ ಒಬ್ಬರದೇ ಎಂಬುದರಲ್ಲಿ ಬೆನೆಡಿಕ್ಟ್‌ಗೆ ಮಾತ್ರ ಯಾವತ್ತೂ ಸಂಶಯವಿರಲಿಲ್ಲ. ರಾಜೀನಾಮೆಯ ಲ್ಯಾಟಿನ್‌ನಲ್ಲಿ ‘ಸೇವೆ’ಯನ್ನು ಬಿಡುತ್ತೇನೆ ಎಂದಿದ್ದಾರೆ, ‘ಹುದ್ದೆ’ಯನ್ನು ಬಿಡುತ್ತೇನೆ ಎಂದಿಲ್ಲ, ಆದ್ದರಿಂದ ಅವರೇ ಇನ್ನೂ ಪೋಪ್ ಎಂದು ಕೂದಲು ಸೀಳುವ ಗುಂಪೊಂದು ಹುಟ್ಟಿತ್ತು. 2021ರಲ್ಲಿ ಇಟಲಿಯ ಪತ್ರಿಕೆಗೆ ಅವರು ಹೇಳಿದರು: ಪೋಪ್ ಇಬ್ಬರಿಲ್ಲ, ಒಬ್ಬರೇ. ಆ ಹೊತ್ತಿಗೆ, ಬದುಕಿರುವಾಗ ಇನ್ನೇನನ್ನೂ ಪ್ರಕಟಿಸುವುದಿಲ್ಲ ಎಂದೂ ತೀರ್ಮಾನಿಸಿದ್ದರು. ಕೊನೆಯ ಲೇಖನಗಳು ಅಚ್ಚಾದದ್ದು ಅವರು ಹೋದ ಮೇಲೆ.

ಆದರೆ 2022ರಲ್ಲಿ ಮಾತಾಡಲೇಬೇಕಾಗಿ ಬಂತು, ಈ ಸಲ ತಮ್ಮದೇ ವಿಷಯದಲ್ಲಿ. 1977ರಿಂದ 1982ರವರೆಗೆ ಅವರು ಮ್ಯೂನಿಕ್‌ನ ಮಹಾಧರ್ಮಾಧ್ಯಕ್ಷರು. ಆ ಧರ್ಮಪ್ರಾಂತವೇ ನೇಮಿಸಿದ ವಕೀಲರ ಸಂಸ್ಥೆ ಜನವರಿ 20ರಂದು ವರದಿ ಕೊಟ್ಟಿತು. 1945ರಿಂದ 2019ರವರೆಗೆ ಕನಿಷ್ಠ 497 ಮಂದಿ ಬಲಿಪಶುಗಳು. ನಾಲ್ಕು ಪ್ರಕರಣಗಳಲ್ಲಿ ಬೆನೆಡಿಕ್ಟ್ ಸರಿಯಾದ ಕ್ರಮ ಕೈಗೊಳ್ಳಲಿಲ್ಲ ಎಂದು ಅದು ಹೇಳಿತು. ದೌರ್ಜನ್ಯ ಎಸಗಿದ್ದ ಯಾಜಕರೊಬ್ಬರನ್ನು ಮ್ಯೂನಿಕ್‌ಗೆ ಸೇರಿಸಿಕೊಳ್ಳುವ ವಿಚಾರ ಬಂದ 1980ರ ಜನವರಿ 15ರ ಸಭೆಯಲ್ಲಿ ನಾನಿರಲಿಲ್ಲ ಎಂದು ಅವರ ಲಿಖಿತ ಉತ್ತರದಲ್ಲಿತ್ತು. ನಡಾವಳಿ ಅವರಿದ್ದರೆಂದಿತು. ನಾಲ್ಕು ದಿನದಲ್ಲಿ, ಇದ್ದೆ, ಉತ್ತರ ಸಿದ್ಧಪಡಿಸುವಾಗ ಆದ ತಪ್ಪು ಎಂದು ತಿದ್ದುಪಡಿ ಬಂತು. ಫೆಬ್ರವರಿ 8ರಂದು ಒಂದು ಪತ್ರ. ಎಲ್ಲ ಬಲಿಪಶುಗಳ ಮುಂದೆ ನಾಚಿಕೆ, ದುಃಖ, ಕ್ಷಮೆಯ ಬೇಡಿಕೆ. ಸದ್ಯದಲ್ಲೇ ಅಂತಿಮ ನ್ಯಾಯಾಧೀಶನ ಮುಂದೆ ನಿಲ್ಲಲಿದ್ದೇನೆ ಎಂಬ ಮಾತು. ಜೊತೆಗೆ, ಅವರು ಯಾವ ತಪ್ಪನ್ನೂ ಮಾಡಿಲ್ಲ ಎಂದು ವಾದಿಸುವ ಸಲಹೆಗಾರರ ಟಿಪ್ಪಣಿ. ಆ ಪತ್ರವನ್ನು ನಾನು ಹಲವು ಸಲ ಓದಿದ್ದೇನೆ. ಅದರಲ್ಲಿನ ನೋವು ನಟನೆಯಲ್ಲ ಎಂದೇ ಅನ್ನಿಸುತ್ತದೆ. ಆದರೆ ‘ಇಂಥ ಮಗುವಿನ ವಿಷಯದಲ್ಲಿ ನಾನು ಇಂಥದ್ದು ಮಾಡಬೇಕಿತ್ತು, ಮಾಡಲಿಲ್ಲ’ ಎಂಬ ಒಂದು ವಾಕ್ಯಕ್ಕಾಗಿ ನಲವತ್ತು ವರ್ಷ ಕಾದವರಿದ್ದರು. ಅವರಿಗೆ ಬೇಕಾಗಿದ್ದ ಮಾತು ಅದೊಂದೇ, ಅದು ಬರಲಿಲ್ಲ.

2022ರ ಡಿಸೆಂಬರ್ 31ರ ಬೆಳಿಗ್ಗೆ 95ನೇ ವಯಸ್ಸಿನಲ್ಲಿ ಬೆನೆಡಿಕ್ಟ್ ತೀರಿಕೊಂಡರು. ಪೀಠದಲ್ಲಿದ್ದದ್ದು ಎಂಟು ವರ್ಷಕ್ಕೆ ಸ್ವಲ್ಪ ಕಡಿಮೆ, ಬಿಟ್ಟ ಮೇಲೆ ಬದುಕಿದ್ದು ಹತ್ತಿರ ಹತ್ತು ವರ್ಷ. ತಾವು ಎಂದಾದರೂ ಇಳಿದರೆ ‘ರೋಮಿನ ವಿಶ್ರಾಂತ ಬಿಷಪ್’ ಎಂದಷ್ಟೇ ಕರೆಸಿಕೊಳ್ಳುತ್ತೇನೆ, ವ್ಯಾಟಿಕನ್‌ನಲ್ಲಿ ಇರುವುದಿಲ್ಲ ಎಂದು ಫ್ರಾನ್ಸಿಸ್ 2022ರಲ್ಲಿ ಹೇಳಿದ್ದರು. ಅದನ್ನು ಕಾನೂನಾಗಿ ಮಾಡದೆ, 2025ರ ಏಪ್ರಿಲ್ 21ರಂದು ಪೀಠದಲ್ಲಿದ್ದಂತೆಯೇ ತೀರಿಕೊಂಡರು. ಮೇ 8ರಂದು ಹದಿನಾಲ್ಕನೇ ಲಿಯೊ ಆಯ್ಕೆಯಾದಾಗ ಅವರಿಗೆ 69. ಹೊಸ ಪೋಪ್ ಗಿಡ್ಡವಿರಲಿ, ಎತ್ತರವಿರಲಿ, ಸಮಗಾತ್ರದವರಿರಲಿ, ಯಾರಾದರೂ ತೊಡಬಹುದೆಂದು ಸಿಸ್ಟೈನ್ ಚಾಪೆಲ್ ಪಕ್ಕದ ಕೋಣೆಯಲ್ಲಿ ಮೂರು ಅಳತೆಯ ಬಿಳಿ ನಿಲುವಂಗಿ ಸಿದ್ಧವಿಡುವುದು ಹಳೆಯ ಪದ್ಧತಿ. ಇಳಿದು ಬರುವ ಪೋಪ್ ಏನು ತೊಡಬೇಕು ಎಂಬುದಕ್ಕೆ 332ನೇ ವಿಧಿಯ ಆ ಒಂದು ವಾಕ್ಯದ ಮುಂದೆ ಇನ್ನೂ ಖಾಲಿ ಜಾಗವೇ ಇದೆ.